ಬೆಳಚು, ಕಬ್ಬಿಣ ಮತ್ತು ವಿಬ್ರಿಯೋ

ಪ್ರಶ್ನೆ: ಅಘನಾಶಿನಿ ಹೊಳೆಯಲ್ಲಿ ಬೆಳಚು (ಚಿಪ್ಪುಮೀನು) ತೆಗೆಯುವಾಗ ಕೈಗೆ ಚಿಪ್ಪು ಕೊಯ್ಯುವುದು ಮಾಮೂಲು. ಲಿವರ್ ಕೆಟ್ಟವರಿಗೇ ವಿಬ್ರಿಯೋ ವಲ್ನಿಫಿಕಸ್ ಎಂಬ ಉಪ್ಪುನೀರಿನ ಬ್ಯಾಕ್ಟೀರಿಯಾದಿಂದ ಹೆಚ್ಚು ಅಪಾಯ ಅಂತಾರೆ. ಇದಕ್ಕೂ ಕಬ್ಬಿಣಕ್ಕೂ ಏನು ನಂಟು?

ಉತ್ತರ 1: ಬ್ಯಾಕ್ಟೀರಿಯಾ ಬೆಳೆಯೋಕೆ ಕಬ್ಬಿಣ ಬೇಕು. ಆದರೆ ರಕ್ತದಲ್ಲಿ ಅದು ಬಿಡಿಯಾಗಿ ಸಿಗಲ್ಲ, ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹಿಡಿದಿಟ್ಟಿರುತ್ತೆ, ಅದೂ ಸುಮಾರು 30% ಮಾತ್ರ ತುಂಬಿರುತ್ತೆ. ಬ್ಯಾಕ್ಟೀರಿಯಾ ಸಿಡೆರೋಫೋರ್ ಎಂಬ ಗಾಳ ಬಿಟ್ಟು ಕಸಿಯಬೇಕು; ವಲ್ನಿಫಿಕಸ್‌ನದು ವಲ್ನಿಬ್ಯಾಕ್ಟಿನ್. ಲಿವರ್ ಕೆಟ್ಟರೆ ಕಬ್ಬಿಣಕ್ಕೆ ಕಡಿವಾಣ ಹಾಕುವ, ಲಿವರ್‌ನಲ್ಲೇ ತಯಾರಾಗುವ ಹೆಪ್ಸಿಡಿನ್ ಹಾರ್ಮೋನ್ ಕುಗ್ಗಿ ಟ್ರಾನ್ಸ್‌ಫೆರಿನ್ ಭರ್ತಿಯಾಗುತ್ತೆ. ಆಮೇಲೆ ವಲ್ನಿಫಿಕಸ್ ಬೆಳೆಯುವ ವೇಗ ಕೇಳಬೇಡಿ.

ಉತ್ತರ 2: ಎಲ್ಲ ಗಾಳಕ್ಕೂ ಮೀನು ಬೀಳಲ್ಲ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈನ ಗಾಳವಾದ ಎಂಟೆರೋಬ್ಯಾಕ್ಟಿನ್ ಅನ್ನು ನಮ್ಮ ದೇಹದ ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್ ಹಿಡಿದುಬಿಡುತ್ತೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದೇ ಗಾಳಕ್ಕೆ ಸಕ್ಕರೆ ಅಂಟಿಸಿ ಜಾರಿಕೊಳ್ಳುತ್ತೆ!

ಉತ್ತರ 3: ಗಟ್ಟಿ ಆಳಿಗೂ ಗಾಯದಿಂದ ಈ ಸೋಂಕು ಬರಬಹುದು. ಕೂಡಲೇ ಸೋಪು ಹಾಕಿ ತೊಳೆಯಿರಿ. ಊತ, ನೇರಳೆ ಗುಳ್ಳೆ, ಜ್ವರ ಕಂಡರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಹೋಗಿ. ಅಡುಗೆಯಲ್ಲಿ ಬೆಳಚು ಬಾಯಿ ಬಿಟ್ಟ ಮೇಲೂ 5 ನಿಮಿಷ ಕುದಿಯಲಿ, ಬಿಡದ್ದನ್ನು ಎಸೆಯಿರಿ.