ಕಾಂಪೌಂಡ್ ಪಕ್ಕದ ಕಿರಿದಾದ ಪಾತಿಯಲ್ಲಿ ಕೆಂಪು ಫ್ಲೋರಿಬಂಡಾ ಗುಲಾಬಿ: ಎಲೆ ಹಳದಿ, ಎಸಳಿನಂಚು ಕಪ್ಪು

ಕಾಂಪೌಂಡ್_ತೋಟ

ಎಲ್ಲರಿಗೂ ನಮಸ್ಕಾರ. ಬೆಂಗಳೂರು, 30x40 ಸೈಟಿನ ಮನೆ, ಪೂರ್ವದ ಬಾಗಿಲು. ಕಾಂಪೌಂಡಿಗೂ ಪೋರ್ಟಿಕೋಗೂ ಮಧ್ಯೆ 12 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಣ್ಣಿನ ಜಾಗ ಇದೆ. ಬೆಳಗ್ಗೆ ಏಳರಿಂದ ಹನ್ನೆರಡರವರೆಗೆ ಬಿಸಿಲು. ನೆಲದಲ್ಲಿ ಮೂರು, 12 ಇಂಚಿನ ಪಾಟಿನಲ್ಲಿ ಎರಡು ಕೆಂಪು ಫ್ಲೋರಿಬಂಡಾ (ಗೊಂಚಲಲ್ಲಿ ಹೂ ಬಿಡೋ ಗುಲಾಬಿ) ಇವೆ. ಎಲ್ಲಕ್ಕೂ ಬೋರ್‌ವೆಲ್ ನೀರು.

ತೊಂದರೆ ಮೂರು. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತಿದೆ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲು) ಹಾಕಿದರೂ ಬದಲಾಗಿಲ್ಲ. ಎಸಳಿನ ಅಂಚು ಕಪ್ಪಾಗುತ್ತಿದೆ. ಒಂದು ಗಿಡದ ಬುಡದಿಂದ ತಿಳಿ ಹಸಿರಿನ ಉದ್ದ ಕಡ್ಡಿ ಬಂದಿದೆ, ಮೊಗ್ಗೇ ಇಲ್ಲ. ಒಂದೊಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು ಗುಲಾಬಿ, ಕತ್ತರಿಸಿ ಅಂತಾರೆ, ನಿಜವೇ? ಜೊತೆಗೆ, ಈ ಜಾಗದಲ್ಲಿ ಇನ್ನೆಷ್ಟು ಗಿಡ ಹಾಕಬಹುದು, ಪ್ರೂನಿಂಗ್ (ಕಡ್ಡಿ ಸವರೋದು) ಯಾವಾಗ ಅನ್ನೋದನ್ನೂ ತಿಳಿಸಿ.

ಕೆಂಪುಮಣ್ಣು

ಮೊದಲು ಎಲೆ ವಿಚಾರ, ಯಾಕಂದ್ರೆ ಅದು ಸರಿಹೋಗದೆ ಹೂವು ಸರಿಹೋಗಲ್ಲ. ಹೊಸ ಎಲೆಯಲ್ಲಿ ನರ ಹಸಿರು, ಮಧ್ಯೆ ಹಳದಿ ಅಂದ್ರೆ ಕಬ್ಬಿಣದ ಕೊರತೆ. ಹಳೆ ಎಲೆಯಲ್ಲಿ ಹೀಗಾದರೆ ಮೆಗ್ನೀಷಿಯಂ. ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ಈ ವ್ಯತ್ಯಾಸ ನೋಡದೆ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಉಪ್ಪು) ಹಾಕಿದರೆ ಪ್ರಯೋಜನ ಇಲ್ಲ.

ಮಣ್ಣಲ್ಲಿ ಕಬ್ಬಿಣ ಇರುತ್ತೆ, ಕೆಂಪು ಮಣ್ಣಲ್ಲಂತೂ ಧಾರಾಳ. ಆದರೆ ಗಡಸು ಬೋರ್ ನೀರಿನಲ್ಲಿರೋ ಬೈಕಾರ್ಬನೇಟ್ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸುತ್ತೆ. ಏಳೂವರೆ ದಾಟಿದ ಮೇಲೆ ಆ ಕಬ್ಬಿಣ ಬೇರಿಗೆ ದಕ್ಕಲ್ಲ. ಕಾಂಪೌಂಡ್ ಪಕ್ಕ ಅಂದ ಮೇಲೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆ ಚೂರೂ ಇರಬಹುದು. ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣ ಇದೆ.

ಅಂಗಡಿಯಲ್ಲಿ ಚೀಲೇಟೆಡ್ ಐರನ್ (ಗಿಡಕ್ಕೆ ದಕ್ಕೋ ಹಾಗೆ ಹಿಡಿದಿಟ್ಟ ಕಬ್ಬಿಣ) ಕೇಳಿದರೆ ಸಾಮಾನ್ಯವಾಗಿ ಇಡಿಟಿಎ ರೂಪದ್ದು ಕೊಡ್ತಾರೆ. ಪಿಎಚ್ ಆರೂವರೆ ಮೇಲಿದ್ದರೆ ಅದು ಮಣ್ಣಿನಲ್ಲಿ ನಿಲ್ಲಲ್ಲ. ಎಲೆಗೆ ಸಿಂಪಡಿಸೋಕೆ ಮಾತ್ರ ಬಳಸಿ, ಲೀಟರಿಗೆ ಅರ್ಧ ಗ್ರಾಂ. ಬುಡಕ್ಕೆ ಬೇಕಿರೋದು ಇಡಿಡಿಎಚ್‌ಎ ರೂಪದ ಕಬ್ಬಿಣ, ನೀರಿಗೆ ಹಾಕಿದರೆ ಕಡುಗೆಂಪಾಗೋ ಪುಡಿ. ನೆಲದ ಗಿಡಕ್ಕೆ 5 ಗ್ರಾಂ, ಪಾಟಿಗೆ 2 ಗ್ರಾಂ, ಒಂದು ಲೀಟರ್ ನೀರಲ್ಲಿ ಕರಗಿಸಿ ಸಂಜೆ ಹಾಕಿ. ಬಿಸಿಲಲ್ಲಿ ಅದು ಒಡೆಯುತ್ತೆ, ಹಾಕಿದ ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದೆ ಇರಬಹುದು, ಮುಂದಿನ ಚಿಗುರು ನೋಡಿ.

ಮೂಳೆ ಪುಡಿ ಹಾಕುತ್ತಿದ್ದರೆ ನಿಲ್ಲಿಸಿ, ಈ ಪಿಎಚ್‌ನಲ್ಲಿ ಅದು ಕರಗಲ್ಲ. ಪಾಟು ಸದಾ ಒದ್ದೆ ಇದ್ದರೂ ಇದೇ ಲಕ್ಷಣ ಬರುತ್ತೆ. ಬೆರಳು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು.

ಕಸಿಕತ್ತಿ

ಏಳು ಎಲೆಯ ಲೆಕ್ಕ ನಂಬಬೇಡಿ. ಈಗಿನ ಎಷ್ಟೋ ಗುಲಾಬಿ ತಳಿಗಳ ಜೋರು ಚಿಗುರಿನಲ್ಲೂ ಏಳು ಎಲೆ ಬರುತ್ತೆ. ಹಾಗೆ ಕತ್ತರಿಸಿ ಒಳ್ಳೇ ಕಡ್ಡಿ ಕಳೆದುಕೊಳ್ಳೋರೇ ಹೆಚ್ಚು. ಬುಡದ ಮಣ್ಣು ಸರಿಸಿ ಕಸಿ ಗಂಟು (ಬೇರಿನ ಗಿಡಕ್ಕೆ ತಳಿಯನ್ನು ಕಸಿ ಕಟ್ಟಿದ ಉಬ್ಬು) ಹುಡುಕಿ. ಕಡ್ಡಿ ಗಂಟಿನ ಮೇಲಿಂದ ಬಂದಿದ್ದರೆ ಅದೇ ನಿಮ್ಮ ಮುಂದಿನ ವರ್ಷದ ಗಿಡ, ಮುಟ್ಟಬೇಡಿ. ಗಂಟಿನ ಕೆಳಗಿಂದ ಬಂದಿದ್ದರೆ ಬೇರುಸಸಿಯ, ಅಂದ್ರೆ ಕೆಳಗಿನ ಬೇರಿನ ಗಿಡದ ಚಿಗುರು. ಅದನ್ನು ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ (ಚಿಗುರೊಡೆಯೋ ಜಾಗ) ಮತ್ತೆ ಮೂರು ಬರುತ್ತೆ. ಹುಟ್ಟಿದ ಜಾಗದವರೆಗೆ ಮಣ್ಣು ಬಿಡಿಸಿ, ಕೆಳಮುಖವಾಗಿ ಎಳೆದು ಬುಡಸಮೇತ ಕಿತ್ತುಬಿಡಿ. ನಮ್ಮ ಕಡೆ ಗಂಟು ಮಣ್ಣಿನಿಂದ ಒಂದೆರಡು ಇಂಚು ಮೇಲೇ ಇರಬೇಕು. ಹೂತುಹಾಕೋದು ಹಿಮ ಬೀಳೋ ದೇಶದವರ ಪದ್ಧತಿ.

ಪ್ರೂನಿಂಗ್ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ದ್ವಿತೀಯಾರ್ಧದಲ್ಲಿ. ಸುಮಾರು 45 ದಿನಕ್ಕೆ ಹೂವು. ಬೆಂಗಳೂರಲ್ಲಿ ಗಿಡ ಪೂರ್ತಿ ನಿದ್ದೆಗೆ ಹೋಗಲ್ಲ, ಹಾಗಾಗಿ ಬೋಳು ಮಾಡಬೇಡಿ. ಫ್ಲೋರಿಬಂಡಾಕ್ಕೆ ಎಲ್ಲ ಕಡ್ಡಿ ಒಂದೇ ಎತ್ತರಕ್ಕೆ ಕತ್ತರಿಸೋದು ತಪ್ಪು. ಈ ವರ್ಷದ ಹೊಸ ಕಡ್ಡಿಯ ತುದಿಯಿಂದ ಮೂರನೇ ಒಂದು ಭಾಗ ತೆಗೆಯಿರಿ, ಹಳೇ ಕಡ್ಡಿಯಲ್ಲಿ ಮೂರು ಕಣ್ಣು ಮಾತ್ರ ಬಿಡಿ. ಹೊಸದು ಮೊದಲು ಹೂ ಬಿಡುತ್ತೆ, ಅದು ಮುಗಿಯೋ ಹೊತ್ತಿಗೆ ಹಳೇದು ಶುರು. ಸಣ್ಣ ಜಾಗದಲ್ಲಿ ಸದಾ ಕೆಂಪು ಕಾಣಬೇಕಾದರೆ ಇದೇ ದಾರಿ. ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ. ಒಂದಿಂಚು ಮೋಟು ಬಿಟ್ಟರೆ ಅದು ಒಣಗಿ, ಕಪ್ಪು ಕೆಳಗಿಳಿದು ಕಡ್ಡಿಯೇ ಸಾಯುತ್ತೆ. ಪೆನ್ಸಿಲ್‌ಗಿಂತ ದಪ್ಪದ ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಪೇಸ್ಟ್ ಹಚ್ಚಿ.

ಇನ್ನೊಂದು: ಗೊಂಚಲಿನ ನಡುವಿನ ಮೊಗ್ಗು ಎಲ್ಲಕ್ಕಿಂತ ಮೊದಲು ಅರಳಿ ಬಾಡುತ್ತೆ. ಕಡಲೆಕಾಳಿನಷ್ಟು ಇದ್ದಾಗಲೇ ಅದನ್ನು ಚಿವುಟಿ, ಉಳಿದವು ಒಟ್ಟಿಗೆ ಅರಳುತ್ತವೆ. ಗೊಂಚಲು ಮುಗಿದ ಮೇಲೆ ಇಡೀ ಗೊಂಚಲನ್ನು ಕೆಳಗಿನ ಮೊದಲ ಐದೆಲೆಯ ಕಣ್ಣಿನವರೆಗೆ ಕತ್ತರಿಸಿ.

ಮೊಗ್ಗಿನಮನೆ

ಎಸಳಿನ ಕಪ್ಪಿಗೆ ಎರಡು ಕಾರಣ ಇರಬಹುದು, ನೋಡಿದರೆ ಗೊತ್ತಾಗುತ್ತೆ. ಬಿಸಿಲು ಬಡಿದದ್ದಾದರೆ ಅರಳಿದ ಹೂವಿನ ಹೊರ ಎಸಳು ಮಾತ್ರ, ಅದೂ ಬಿಸಿಲಿನ ಕಡೆಯದು ಸುಟ್ಟಂತೆ ಕಾಣುತ್ತೆ. ಕಡುಗೆಂಪು ಎಸಳು ಬಿಸಿಯನ್ನು ಹೆಚ್ಚು ಹೀರುತ್ತೆ, ಮಾರ್ಚ್‌ನಿಂದ ಮೇ ತನಕ ಇದು ಸಹಜ. ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ) ಆದರೆ ಮೊಗ್ಗಿನಲ್ಲೇ ಅಂಚು ಕಂದಾಗಿ, ಎಸಳಿನ ಮೇಲೆ ಗೀರು ಬಿದ್ದು, ಮೊಗ್ಗು ಅರ್ಧಕ್ಕೇ ನಿಲ್ಲುತ್ತೆ. ಮೊಗ್ಗನ್ನು ಬಿಳಿ ಹಾಳೆ ಮೇಲೆ ತಟ್ಟಿ. ಒಂದು ಮಿಲಿಮೀಟರ್ ಉದ್ದದ, ಗೆರೆಯಂಥ ಹುಳ ಓಡಾಡಿದರೆ ಅದೇ.

ಅಂಥ ಮೊಗ್ಗು ಕಿತ್ತು ಕವರಿಗೆ ಹಾಕಿ ಕಟ್ಟಿ ಎಸೆಯಿರಿ, ಬುಡಕ್ಕೆ ಉದುರಿಸಬೇಡಿ. ನೀಲಿ ಅಂಟು ಹಾಳೆ ಒಂದೆರಡು ತೂಗುಹಾಕಿ. ಹತೋಟಿಗೆ ಬರದಿದ್ದರೆ ಸ್ಪಿನೋಸಾಡ್ 45 ಎಸ್‌ಸಿ ಕೀಟನಾಶಕ, ಲೀಟರಿಗೆ 0.3 ಮಿ.ಲೀ., ಜೇನುನೊಣ ಹೋದ ಮೇಲೆ ಸಂಜೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಹಿಡಿದುಕೊಂಡು ಕೂರಬೇಡಿ. ಅದು ಮೈಟ್ ನುಸಿಯನ್ನು ಕೊಲ್ಲಲ್ಲ, ಎಷ್ಟೋ ಸಲ ಹೆಚ್ಚಿಸುತ್ತೆ. ಗೋಡೆ ಕಾವಿಗೆ ಬೇಸಿಗೆಯಲ್ಲಿ ಮೈಟ್ ಬಂದೇ ಬರುತ್ತೆ, ಅದಕ್ಕೆ ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯೋದೇ ಮದ್ದು. ಮಳೆಗಾಲದಲ್ಲಿ ಮಾತ್ರ ಎಲೆ ತೋಯಿಸಬೇಡಿ, ಎಲೆ ಏಳೆಂಟು ಗಂಟೆ ಒದ್ದೆ ಇದ್ದರೆ ಕಪ್ಪು ಚುಕ್ಕೆ ರೋಗ ಹತ್ತುತ್ತೆ. ಚುಕ್ಕೆ ಕಂಡ ಎಲೆ ಆರಿಸಿ ತೆಗೆದು, ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಹತ್ತು ದಿನಕ್ಕೊಮ್ಮೆ.

ಕಾಂಪೌಂಡ್_ತೋಟ

ತುಂಬಾ ಥ್ಯಾಂಕ್ಸ್. ವಿನೆಗರ್‌ಗೆ ನೊರೆ ಬಂತು. ಕಡ್ಡಿ ಗಂಟಿನ ಕೆಳಗಿಂದಲೇ ಬಂದಿದೆ, ಕಿತ್ತೆ. ಬೋರ್ ನೀರಿನ ಬದಲು ಆರ್‌ಓ ಫಿಲ್ಟರಿನ ವೇಸ್ಟ್ ನೀರು ಹಾಕಬಹುದೇ?

ಕೆಂಪುಮಣ್ಣು

ಬೇಡವೇ ಬೇಡ. ಅದು ಬೋರ್ ನೀರಿನ ಉಪ್ಪೆಲ್ಲ ಒಟ್ಟಾದ ನೀರು, ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಇಟ್ಟುಕೊಳ್ಳಿ. ಮಳೆ ನೀರು ಹಿಡಿದಷ್ಟೂ ಗುಲಾಬಿಗೆ ಕೊಡಿ, ಕಾವೇರಿ ನೀರು ಬರುವ ದಿನ ಅದನ್ನು ಹಾಕಿ. ಪಾಟಿನ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ದರೆ ತಿಂಗಳಿಗೊಮ್ಮೆ ಆ ಒಳ್ಳೇ ನೀರನ್ನೇ ತೂತಿನಿಂದ ಚೆನ್ನಾಗಿ ಹರಿದುಹೋಗೋವಷ್ಟು ಸುರಿದು ಉಪ್ಪು ತೊಳೆಯಿರಿ. 12 ಇಂಚಿನ ಪಾಟು ಸಾಲದು, 14 ಇಂಚಿಗೆ ಬದಲಿಸಿ.

ಕಸಿಕತ್ತಿ

ಗಿಡಗಳ ಲೆಕ್ಕ ಯಾರೂ ಹೇಳಲಿಲ್ಲ. 12 ಅಡಿಗೆ ಈಗ ನೆಲದಲ್ಲಿರೋ ಮೂರೂ ಸೇರಿ ಐದು ಸಾಕು, ಎರಡು ಅಡಿಗೊಂದು, ಗೋಡೆಯಿಂದ ಒಂದೂವರೆ ಅಡಿ ದೂರ. ಆರನೆಯದು ಹಿಡಿಸುತ್ತೆ, ಆದರೆ ಗಾಳಿ ಆಡದೆ ಬೂದಿ ರೋಗ ಬರುತ್ತೆ. ಹೊಸದಕ್ಕೆ ಒಂದೂವರೆ ಅಡಿ ಗುಂಡಿ ತೋಡಿ ಗಾರೆ ಚೂರೆಲ್ಲ ತೆಗೆದು, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ತುಂಬಿ. ನರ್ಸರಿ ಕವರಿನ ಜೇಡಿ ಮಣ್ಣಿನ ಉಂಡೆ ಒಣಗಿದರೆ ನೀರು ಒಳಗಿಳಿಯಲ್ಲ, ಸುತ್ತ ಹರಿದು ಹೋಗುತ್ತೆ. ನೆಡೋ ಮೊದಲು ಬಕೆಟ್‌ನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹೊರಗಿನ ಒಂದಿಂಚು ಉದುರಿಸಿ.

ತಳಿ ಹೆಸರು ಕೇಳಿ ಕೊಳ್ಳೋದಾದರೆ 1977ರ ‘ಟ್ರಂಪೆಟರ್’ ಗಿಡ್ಡ, ರೋಗಕ್ಕೆ ಬಗ್ಗಲ್ಲ. 1963ರ ‘ಯುರೋಪಿಯಾನಾ’ ಗೊಂಚಲು ಬಹಳ ಚೆಂದ, ಆದರೆ ಭಾರಕ್ಕೆ ಬಾಗುತ್ತೆ, ಬೂದಿ ರೋಗಕ್ಕೂ ಸುಲಭದ ತುತ್ತು, ಇಕ್ಕಟ್ಟಿನ ಜಾಗಕ್ಕೆ ಒಗ್ಗಲ್ಲ. ನರ್ಸರಿಯಲ್ಲಿ ಚೀಟಿ ಇಲ್ಲದ್ದೇ ಹೆಚ್ಚು, ಆಗ ಹೂವಿದ್ದಾಗಲೇ ಹೋಗಿ, ಒಂದು ಕಡ್ಡಿಯಲ್ಲಿ ಐದಕ್ಕಿಂತ ಹೆಚ್ಚು ಮೊಗ್ಗಿರೋದನ್ನು ಆರಿಸಿ. ಐದೂ ಒಂದೇ ತಳಿ ಇರಲಿ, ಪ್ರೂನಿಂಗ್ ಲೆಕ್ಕ ಒಂದೇ ಆಗುತ್ತೆ.