ಮಲ್ಲೇಶ್ವರದ ವಠಾರ ಬಿಟ್ಟವರ ನಷ್ಟಕ್ಕೆ ಲೆಕ್ಕವಿದೆಯೇ?

ಪ್ರಶ್ನೆ: 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರದಲ್ಲಿ ನಮ್ಮ ಕುಟುಂಬ ಮೂರು ತಲೆಮಾರು ಬಾಡಿಗೆಗೆ ಇತ್ತು. ವಠಾರ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಮಾಲೀಕರು ನಿರ್ಧರಿಸಿದ್ದರಿಂದ ಹೊರವಲಯಕ್ಕೆ ಬಂದಿದ್ದೇವೆ. ಸಾಲ ಬರೆದುಕೊಳ್ಳುತ್ತಿದ್ದ ದಿನಸಿ ಅಂಗಡಿಯೂ ಅಮ್ಮ ನಡೆದೇ ಹೋಗುತ್ತಿದ್ದ ವೈದ್ಯರ ಮನೆಯೂ ದೂರವಾದವು. ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆಯೇ?

ಉತ್ತರ 1: ಬಹುಮಟ್ಟಿಗೆ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಇಂದಿನ ದರದಲ್ಲಿ ಹೆಚ್ಚಿನವರಿಗೆ ಕರಾರುಪತ್ರವೇ ಆಧಾರ. ಹೊಸ ಮನೆಯ ಮುಂಗಡವೂ ದೊಡ್ಡ ಹೊರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಅದನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದರೂ, ರಾಜ್ಯಗಳು ಅಳವಡಿಸಿಕೊಳ್ಳದೆ ಅದು ಜಾರಿಯಾಗುವುದಿಲ್ಲ.

ಉತ್ತರ 2: ನಾನೂ ಅಲ್ಲಿನ ಹಳೆಯ ಮನೆಯೊಂದರ ಮಾಲೀಕ. ಅಣ್ಣತಮ್ಮಂದಿರ ಪಾಲು ಮತ್ತು ಹೆಂಚಿನ ಮಾಡಿನ ದುರಸ್ತಿಯ ಖರ್ಚು ಸೇರಿ ಮಾರದೆ ದಾರಿಯಿರಲಿಲ್ಲ. ಆದರೂ ಬಾಡಿಗೆದಾರರಿಗೆ ಒಂದು ವರ್ಷ ಮೊದಲೇ ತಿಳಿಸಿದೆವು, ಏಕೆಂದರೆ ಮಕ್ಕಳ ಶಾಲೆಯ ವರ್ಷ ನಡುವೆ ಮುರಿಯಬಾರದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಮಗೆ ದೊರೆತದ್ದು ಎರಡೇ ತಿಂಗಳು. ಅಮ್ಮ ಈಗಲೂ ಸೋಮವಾರ ಎರಡು ಬಸ್ಸು ಬದಲಿಸಿ ಕಾಡು ಮಲ್ಲೇಶ್ವರನ ಗುಡಿಗೆ ಹೋಗುತ್ತಾರೆ.