ಎನ್‌ಎಸ್‌ಎಸ್ 68ನೇ ಸುತ್ತು: ಕುಟುಂಬ, ಸದಸ್ಯ ಮತ್ತು ವೆಚ್ಚದ ಫೈಲುಗಳು ಸ್ಟೇಟಾದಲ್ಲಿ ಮರ್ಜ್ ಆಗುತ್ತಿಲ್ಲ

ಪ್ರಶ್ನೆ

ನಮಸ್ಕಾರ. ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 68ನೇ ಸುತ್ತಿನಲ್ಲಿ (ಜುಲೈ 2011ರಿಂದ ಜೂನ್ 2012) ಸಂಗ್ರಹಿಸಿದ ಗೃಹಬಳಕೆ ವೆಚ್ಚದ ದತ್ತಾಂಶವನ್ನು, ಅಂದರೆ ಷೆಡ್ಯೂಲ್ 1.0ರ ಟೈಪ್ 1 ಅನ್ನು, ಸ್ಟೇಟಾ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ಬಳಸುತ್ತಿದ್ದೇನೆ. ಕರ್ನಾಟಕದ ಕುಟುಂಬಗಳಲ್ಲಿ ಯಜಮಾನರ ವಿದ್ಯಾಭ್ಯಾಸಕ್ಕೂ ಹಾಲಿನ ವೆಚ್ಚಕ್ಕೂ ಇರುವ ಸಂಬಂಧವನ್ನು ನೋಡಬೇಕಾಗಿದೆ. ಅದಕ್ಕಾಗಿ ಕುಟುಂಬದ ಫೈಲು, ಸದಸ್ಯರ ಫೈಲು ಮತ್ತು ಆಹಾರ ಪದಾರ್ಥಗಳ ಫೈಲು ಒಂದಾಗಬೇಕು.

ಎಫ್‌ಎಸ್‌ಯು, ಅಂದರೆ ಮೊದಲ ಹಂತದ ಮಾದರಿ ಘಟಕದ (ಹಳ್ಳಿ ಅಥವಾ ನಗರದ ಬ್ಲಾಕ್) ಸಂಖ್ಯೆ (5 ಅಂಕಿ), ಹ್ಯಾಮ್ಲೆಟ್ ಗ್ರೂಪ್ ಅಥವಾ ಸಬ್‌ಬ್ಲಾಕ್ (ಆ ಘಟಕದ ಉಪಭಾಗ, 1 ಅಂಕಿ), ಎರಡನೇ ಹಂತದ ಸ್ತರ (ಘಟಕದೊಳಗಿನ ಕುಟುಂಬಗಳ ಗುಂಪು, 1 ಅಂಕಿ) ಮತ್ತು ಮಾದರಿ ಕುಟುಂಬದ ಸಂಖ್ಯೆ (2 ಅಂಕಿ) ಇವುಗಳನ್ನು 10ರ ಘಾತಗಳಿಂದ ಗುಣಿಸಿ ಕೂಡಿಸಿ, ಹೊಸ ಕಾಲಂ ರಚಿಸುವ ಜೆನ್ ಆಜ್ಞೆಯಿಂದ 9 ಅಂಕಿಗಳ ಗುರುತಿನ ಸಂಖ್ಯೆಯನ್ನು ರಚಿಸಿದ್ದೇನೆ. ಆದರೆ ಈ ಗುರುತು ಸಾಲುಗಳನ್ನು ಅನನ್ಯವಾಗಿ ಗುರುತಿಸುವುದಿಲ್ಲ ಎಂದು ಹೇಳಿ, ಫೈಲುಗಳನ್ನು ಜೋಡಿಸುವ ಮರ್ಜ್ ಆಜ್ಞೆ ನಿಂತುಬಿಡುತ್ತದೆ. ಕುಟುಂಬದ ಫೈಲಿನಲ್ಲಿ 1,01,662 ಸಾಲುಗಳಿದ್ದರೂ ಭಿನ್ನ ಗುರುತುಗಳು ಅದಕ್ಕಿಂತ ಬಹಳ ಕಡಿಮೆ ಇವೆ. ಎಂ:ಎಂ (ಹಲವಕ್ಕೆ ಹಲವು) ಎಂದು ಕೊಟ್ಟರೆ ಯಾವ ದೋಷವೂ ಬರುವುದಿಲ್ಲ. ಹಾಗೆಯೇ ಮುಂದುವರಿಯಬಹುದೇ?

ಉತ್ತರ

ದಯವಿಟ್ಟು ಎಂ:ಎಂ ಬಳಸಬೇಡಿ. ಅದು ಒಂದೇ ಗುರುತುಳ್ಳ ಸಾಲುಗಳಲ್ಲಿ ಮೊದಲನೆಯದನ್ನು ಮೊದಲನೆಯದಕ್ಕೆ, ಎರಡನೆಯದನ್ನು ಎರಡನೆಯದಕ್ಕೆ ಜೋಡಿಸುತ್ತಾ ಹೋಗಿ, ಒಂದು ಕಡೆಯ ಸಾಲುಗಳು ಮುಗಿದ ಮೇಲೆ ಅದರ ಕೊನೆಯ ಸಾಲನ್ನೇ ಪುನಃ ಪುನಃ ಅಂಟಿಸುತ್ತದೆ. ಯಾರ ವಿದ್ಯಾಭ್ಯಾಸ ಯಾರ ಹಾಲಿಗೆ ಸೇರಿತು ಎಂಬುದು ಆಗ ಫೈಲು ಯಾವ ಕ್ರಮದಲ್ಲಿತ್ತು ಎಂಬುದನ್ನು ಅವಲಂಬಿಸಿರುತ್ತದೆ. ಅದನ್ನು ಬಳಸಬಾರದೆಂದು ಸ್ಟೇಟಾದ ಕೈಪಿಡಿಯೇ ಹೇಳುತ್ತದೆ. ದೋಷ ಬರುವುದಿಲ್ಲ ಎಂಬುದೇ ಅದರ ಅಪಾಯ.

ನೀವು ಆರಿಸಿಕೊಂಡ ನಾಲ್ಕು ಅಂಶಗಳು ಸರಿಯಾಗಿಯೇ ಇವೆ. ತೊಂದರೆ ಇರುವುದು ಜೆನ್ ಆಜ್ಞೆಯಲ್ಲಿ. ಬೇರೆ ಪ್ರಕಾರವನ್ನು ಸೂಚಿಸದಿದ್ದರೆ ಸ್ಟೇಟಾ ಹೊಸ ಸಂಖ್ಯೆಯನ್ನು ಫ್ಲೋಟ್ (ಸೀಮಿತ ನಿಖರತೆಯ ಸಂಖ್ಯಾ ಪ್ರಕಾರ) ಆಗಿ ಇಟ್ಟುಕೊಳ್ಳುತ್ತದೆ. ಫ್ಲೋಟ್ 1,67,77,216ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಒಂದನ್ನೂ ಬಿಡದೆ ಹಿಡಿದಿಡಬಲ್ಲದು. ಅದರಾಚೆಗೆ ಅಂಕಿಗಳು ಸವೆಯುತ್ತವೆ: 70 ಕೋಟಿಯ ಆಸುಪಾಸಿನಲ್ಲಿ ಪ್ರತಿ 64ಕ್ಕೊಂದು ಸಂಖ್ಯೆಯನ್ನಷ್ಟೇ ಅದು ಬರೆಯಬಲ್ಲದು. 1201, 1202, 1203, 1204 ಎಂದು ಕೊನೆಗೊಳ್ಳುವ ನಾಲ್ಕು ಕುಟುಂಬಗಳು ಹೀಗೆ ಸಾಮಾನ್ಯವಾಗಿ ಒಂದೇ ಸಂಖ್ಯೆಗೆ ಬಂದು ಬೀಳುತ್ತವೆ. ಹಳ್ಳಿಯೊಂದರಲ್ಲಿ ಆರಿಸಿದ 8 ಕುಟುಂಬಗಳು ಮೂರು ಸ್ತರಗಳಿಗೆ 2, 4, 2ರಂತೆ ಹಂಚಿಕೆಯಾಗಿರುವುದರಿಂದ, ಒಂದು ಸ್ತರದವರೆಲ್ಲ ಒಂದೇ ಗುರುತಿನಡಿ ಸೇರಿರುವುದನ್ನು ನಿಮ್ಮ ಪಟ್ಟಿಯಲ್ಲೇ ಕಾಣಬಹುದು.

ಪರಿಹಾರ ಸರಳವಾಗಿದೆ: ಜೆನ್ ಪದದ ಮುಂದೆ ಲಾಂಗ್ (ದೊಡ್ಡ ಪೂರ್ಣಾಂಕಗಳ ಪ್ರಕಾರ) ಎಂದು ಸೇರಿಸಿ. ಸದಸ್ಯರ ಕ್ರಮಸಂಖ್ಯೆಯನ್ನೂ ಸೇರಿಸಿ 11 ಅಂಕಿಗಳ ಗುರುತು ಮಾಡುವುದಾದರೆ ಲಾಂಗ್ ಸಾಲದು, ಡಬಲ್ (ಫ್ಲೋಟ್‌ಗಿಂತ ಹೆಚ್ಚು ನಿಖರವಾದ ಪ್ರಕಾರ) ಬೇಕು. ನನ್ನ ಮಟ್ಟಿಗೆ ಗುರುತನ್ನು ಸಂಖ್ಯೆಯನ್ನಾಗಿ ಮಾಡುವ ಅಗತ್ಯವೇ ಇಲ್ಲ. ಮರ್ಜ್ ಆಜ್ಞೆಗೆ ನಾಲ್ಕು ಅಂಶಗಳನ್ನೂ ಬಿಡಿಬಿಡಿಯಾಗಿ ಕೊಟ್ಟರೆ ಅದು ಸ್ವೀಕರಿಸುತ್ತದೆ. ಸ್ತರವನ್ನು ಮಾತ್ರ ಎಂದೂ ಬಿಡಬೇಡಿ, ಏಕೆಂದರೆ ಕುಟುಂಬದ ಸಂಖ್ಯೆ ಪ್ರತಿ ಸ್ತರದಲ್ಲೂ 1ರಿಂದಲೇ ಆರಂಭವಾಗುತ್ತದೆ.

ಬಳಿಕ ಕುಟುಂಬದ ಫೈಲಿನಲ್ಲಿ, ಗುರುತು ಅನನ್ಯವೇ ಎಂದು ಪರೀಕ್ಷಿಸುವ ಐಎಸ್‌ಐಡಿ ಆಜ್ಞೆಯನ್ನು ಓಡಿಸಿ. ಅದು ಮೌನವಾಗಿದ್ದರೆ ಮುಂದಿನ ಹೆಜ್ಜೆ ಇಡಿ. ಸದಸ್ಯರ ಫೈಲಿನಲ್ಲಿ ಯಜಮಾನರೊಂದಿಗಿನ ಸಂಬಂಧದ ಸಂಕೇತ 1 ಇರುವ ಸಾಲುಗಳನ್ನು ಮಾತ್ರ ಉಳಿಸಿಕೊಂಡರೆ ಕುಟುಂಬಕ್ಕೊಂದು ಸಾಲು ಉಳಿಯುತ್ತದೆ, ಆಗ 1:1 (ಒಂದಕ್ಕೆ ಒಂದು) ಮರ್ಜ್ ಸಾಕು.

ಮರುಪ್ರಶ್ನೆ

ಧನ್ಯವಾದಗಳು ಸರ್. ಲಾಂಗ್ ಸೇರಿಸಿದ ಮೇಲೆ ಭಿನ್ನ ಗುರುತುಗಳು ಸರಿಯಾಗಿ 1,01,662 ಬಂದವು, ಯಜಮಾನರ ಫೈಲೂ ಸೇರಿತು. ಆಹಾರದ ಫೈಲಿನಲ್ಲಿ 160ರಿಂದ 169ರವರೆಗಿನ ಸಂಕೇತಗಳನ್ನು ಆರಿಸಿ, ಕೊಲ್ಯಾಪ್ಸ್ ಆಜ್ಞೆಯಿಂದ ಮೌಲ್ಯವನ್ನೂ ಗುಣಕವನ್ನೂ (ಮಾದರಿ ಕುಟುಂಬದ ತೂಕ ಕೊಡುವ ಸಂಖ್ಯೆ) ಕುಟುಂಬವಾರು ಕೂಡಿಸಿ ಜೋಡಿಸಿದೆ. ಈಗ ಕೆಲವು ಕುಟುಂಬಗಳಿಗೆ ಹಾಲಿನ ಸಾಲು ಸಿಗುತ್ತಿಲ್ಲ. ಅವನ್ನು ಕೈಬಿಡಬಹುದೇ? ಜೊತೆಗೆ, ಸರಾಸರಿ ವೆಚ್ಚ ನಂಬಲಾಗದಷ್ಟು ಹೆಚ್ಚಾಗಿದೆ.

ಉತ್ತರ

ಕೈಬಿಡಬಾರದು. ಸದಸ್ಯರ ಫೈಲಿನಲ್ಲಿ ಒಂದು ಕುಟುಂಬ ಜೋಡಿಯಾಗದೆ ಉಳಿದರೆ ಅದು ಕೀಲಿಯ (ಜೋಡಿಸಲು ಬಳಸಿದ ಗುರುತಿನ) ತಪ್ಪು, ಏಕೆಂದರೆ ಸದಸ್ಯರಿಲ್ಲದ ಕುಟುಂಬ ಇರಲಾರದು. ಪದಾರ್ಥಗಳ ಫೈಲಿನ ಸ್ವಭಾವ ಬೇರೆ. ಅಲ್ಲಿ ಬಳಸಿದ ಪದಾರ್ಥಕ್ಕೆ ಮಾತ್ರ ಸಾಲು ಇರುತ್ತದೆ. ಹಾಲಿನ ಸಾಲು ಇಲ್ಲವೆಂದರೆ ಆ 30 ದಿನಗಳಲ್ಲಿ ಆ ಮನೆಯವರು ಹಾಲನ್ನು ಬಳಸಿಲ್ಲ ಎಂದರ್ಥ; ಅದು ಸಿಗದ ಮಾಹಿತಿಯಲ್ಲ, ಸೊನ್ನೆ. ಬಡ ಕುಟುಂಬಗಳೇ ಈ ಗುಂಪಿನಲ್ಲಿ ಹೆಚ್ಚಾಗಿರುವ ಸಂಭವವಿರುವಾಗ ಅವನ್ನು ತೆಗೆದುಹಾಕಿದರೆ ಸರಾಸರಿ ಏರುತ್ತದೆ, ನೀವು ಹುಡುಕುತ್ತಿರುವ ಸಂಬಂಧವೂ ಮಸುಕಾಗುತ್ತದೆ. ಮರ್ಜ್‌ನಲ್ಲಿ ಕುಟುಂಬದ ಫೈಲಿನ ಕಡೆ ಮಾತ್ರ ಉಳಿದ ಸಾಲುಗಳಿಗೆ 0 ತುಂಬಿ.

ಸರಾಸರಿ ಉಬ್ಬಲು ಎರಡು ಕಾರಣಗಳಿವೆ. ಮೊದಲನೆಯದಾಗಿ, 160 ದ್ರವ ಹಾಲಾದರೆ 169 ಹಾಲು ಮತ್ತು ಹಾಲಿನ ಉತ್ಪನ್ನಗಳ ಉಪಮೊತ್ತ. ಎಲ್ಲವನ್ನೂ ಕೂಡಿಸಿದಾಗ ಪ್ರತಿ ರೂಪಾಯಿಯೂ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಹಾಲಷ್ಟೇ ಬೇಕಾದರೆ 160 ಸಾಕು. ಹಳ್ಳಿಗಳಲ್ಲಿ ಮನೆಯ ಹಸು, ಎಮ್ಮೆಯ ಹಾಲೂ ಒಟ್ಟು ಬಳಕೆಯ ಮೌಲ್ಯದಲ್ಲಿ ಸೇರಿರುವುದರಿಂದ, ನಿಮಗೆ ಬೇಕಾದದ್ದು ಕೊಂಡ ಹಾಲೋ ಬಳಸಿದ ಹಾಲೋ ಎಂಬುದನ್ನು ಮೊದಲೇ ತೀರ್ಮಾನಿಸಿ ಅದಕ್ಕೆ ತಕ್ಕ ಕಾಲಂ ಆರಿಸಿ.

ಎರಡನೆಯದು ಗುಣಕ. ಅದು ಪ್ರತಿ ಫೈಲಿನ ಪ್ರತಿ ಸಾಲಿನಲ್ಲೂ ಇರುವುದರಿಂದ, ಮೌಲ್ಯದ ಜೊತೆ ಅದನ್ನೂ ಕೂಡಿಸಿದರೆ ಹಾಲಿನ ಉತ್ಪನ್ನಗಳ ನಾಲ್ಕು ಸಾಲುಗಳುಳ್ಳ ಮನೆಗೆ ನಾಲ್ಕು ಪಟ್ಟು ತೂಕ ಬರುತ್ತದೆ, ಮತ್ತು ಹೆಚ್ಚು ಉತ್ಪನ್ನ ಕೊಳ್ಳುವ ಮನೆಗಳು ಸರಾಸರಿಯನ್ನು ತಮ್ಮೆಡೆಗೆ ಎಳೆದುಕೊಳ್ಳುತ್ತವೆ. ಗುಣಕವನ್ನು ಕುಟುಂಬದ ಫೈಲಿನಿಂದ ಮಾತ್ರ ತೆಗೆದುಕೊಂಡು ಉಳಿದೆಡೆ ಅಳಿಸಿಬಿಡಿ. ತೂಕ ಸಿದ್ಧಪಡಿಸುವಾಗ ಎನ್‌ಎಸ್‌ಎಸ್ (ಇಲ್ಲಿ ಸಮೀಕ್ಷೆಯ ಹೆಸರಲ್ಲ, ಉಪಮಾದರಿಯ ಘಟಕಗಳ ಎಣಿಕೆ) ಮತ್ತು ಎನ್‌ಎಸ್‌ಸಿ (ಒಟ್ಟು ಮಾದರಿಯ ಘಟಕಗಳ ಎಣಿಕೆ) ಎಂಬ ಎರಡು ಕಾಲಂಗಳು ಸಮವಾಗಿದ್ದರೆ ಗುಣಕವನ್ನು 100ರಿಂದ, ಇಲ್ಲವಾದರೆ 200ರಿಂದ ಭಾಗಿಸಬೇಕು. ತಲಾ ವೆಚ್ಚ ಬೇಕಾದರೆ ಆ ತೂಕವನ್ನು ಕುಟುಂಬದ ಗಾತ್ರದಿಂದ ಗುಣಿಸಿ.

ಕರ್ನಾಟಕದ ಸಂಕೇತ 29. ರಾಜ್ಯವನ್ನು ಬೇರ್ಪಡಿಸುವುದನ್ನು ಎಲ್ಲ ಮರ್ಜ್ ಮುಗಿದ ಮೇಲೆ ಮಾಡುವುದು ಒಳ್ಳೆಯದು. ಒಂದು ಫೈಲಿನಲ್ಲಿ ಮಾತ್ರ ಮೊದಲೇ ಮಾಡಿದರೆ ಜೋಡಿಯಾಗದ ಸಾಲುಗಳ ರಾಶಿಯಲ್ಲಿ ನಿಜವಾದ ತಪ್ಪು ಅಡಗಿಹೋಗುತ್ತದೆ.

ಮತ್ತೊಂದು ಉತ್ತರ

ಸ್ಟೇಟಾದ ಬದಲು ಆರ್ ಎಂಬ ತಂತ್ರಾಂಶ ಬಳಸುವವರಿಗೆ ಒಂದು ಸೇರ್ಪಡೆ. ಅಲ್ಲಿ ಫ್ಲೋಟ್‌ನ ತೊಂದರೆ ಇಲ್ಲ, ಆದರೆ ಸಂಖ್ಯೆಗಳನ್ನು ಪೇಸ್ಟ್‌ನಿಂದ ಅಂಟಿಸಿದರೆ 01ರ ಮುಂದಿನ ಸೊನ್ನೆ ಹೋಗಿ, ಒಂದು ಫೈಲಿನ ಗುರುತು 9 ಅಕ್ಷರ, ಇನ್ನೊಂದರದು 8 ಅಕ್ಷರ ಆಗಬಹುದು. ಪಠ್ಯದ ಫೈಲನ್ನು ಓದುವಾಗಲೇ ಈ ನಾಲ್ಕು ಕಾಲಂಗಳನ್ನು ಅಕ್ಷರಗಳೆಂದು ಘೋಷಿಸಿ. ಆರ್‌ನ ಡಿಪ್ಲೈಆರ್ ಪ್ಯಾಕೇಜಿನ 1.1.1 ಮತ್ತು ನಂತರದ ಆವೃತ್ತಿಗಳಲ್ಲಿ ಲೆಫ್ಟ್ ಜಾಯಿನ್ (ಫೈಲುಗಳ ಜೋಡಣೆ) ಮಾಡುವಾಗ ಎರಡೂ ಕಡೆ ಕೀಲಿ ಪುನರಾವರ್ತನೆಯಾಗಿದ್ದರೆ ಎಚ್ಚರಿಕೆ ಬರುತ್ತದೆ. ಅದನ್ನು ಅಡಗಿಸುವ ಬದಲು ರಿಲೇಷನ್‌ಶಿಪ್ ಆಯ್ಕೆಯಲ್ಲಿ ಒಂದಕ್ಕೆ ಒಂದು ಎಂದು ನೀವೇ ಬರೆದುಬಿಟ್ಟರೆ, ಕೀಲಿ ತಪ್ಪಿದ ಕೂಡಲೇ ಕೆಲಸ ಅಲ್ಲಿಗೇ ನಿಲ್ಲುತ್ತದೆ.